ಒಂದರ ಮೇಲೊಂದು ಕಡ್ಡಿ

ಇಲ್ಲ, ಅದು ಹೆಲ್ಮೆಟ್ ಆಗಿರಲಾರದು. ನಮ್ಮ ಟ್ಯೂಷನ್ ಮಿಸ್ ಗಂಡನಿಗೆ ಸ್ಕೂಟರೇ ಇರಲಿಲ್ಲ, ಇನ್ನು ಮನೆಯಲ್ಲಿ ಹೆಲ್ಮೆಟ್ ಯಾಕಿರಬೇಕು? ಆದರೂ ಹಲಸೂರಿನ ಆ ಮಹಡಿ ಕೋಣೆಯನ್ನು ನೆನೆದಾಗಲೆಲ್ಲ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಹೆಲ್ಮೆಟ್ ತೂಗುತ್ತಿರುತ್ತದೆ. ಅದರ ಗಾಜಿನ ಮೇಲೆ ಕೂತ ಧೂಳು ಕಾಣುತ್ತದೆ, ಧೂಳಿನಲ್ಲಿ ಯಾರೋ ಬೆರಳಿನಿಂದ ಎಳೆದ ಗೆರೆಯೂ ಕಾಣುತ್ತದೆ. ಇಷ್ಟು ವಿವರವಾಗಿ ಕಾಣುವುದೇ ನನ್ನ ಅನುಮಾನಕ್ಕೆ ಕಾರಣ. ನಿಜವಾಗಿ ನೋಡಿದ ವಸ್ತುಗಳು ನನಗೆ ಇಷ್ಟು ಚೆನ್ನಾಗಿ ನೆನಪಿರುವುದಿಲ್ಲ. ಹಾಗಾಗಿ ಮಿಸ್ ಬಗ್ಗೆ ಇಲ್ಲಿ ಬರೆದದ್ದನ್ನೆಲ್ಲ ಆ ಹೆಲ್ಮೆಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ಮಿಸ್ ಎಂದೇ ಕರೆಯುತ್ತಿದ್ದೆವು. ಹೆಸರು ಗೊತ್ತಿತ್ತು, ಇಲ್ಲಿ ಬೇಡ. ತೊಂಬತ್ತರ ದಶಕದ ನಡುವಿನ ವರ್ಷಗಳು. ಹಲಸೂರಿನ ಮಾರ್ಕೆಟ್ಟಿಗೆ ಹೋಗುವ ಒಂದು ಗಲ್ಲಿಯಲ್ಲಿ ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಅವರ ಮನೆ. ಸಂಜೆ ಹತ್ತನೇ ಕ್ಲಾಸಿನವರಿಗೆ ಗಣಿತದ ಟ್ಯೂಷನ್. ಗಿರಣಿ ಓಡುವಾಗ ನೆಲ ಸಣ್ಣಗೆ ನಡುಗುತ್ತಿತ್ತು, ಚಾಪೆಯ ಮೇಲೆ ಕೂತ ನಮ್ಮ ಅಕ್ಷರಗಳೂ ನಡುಗುತ್ತಿದ್ದವು. ರಾಗಿ ಬೀಸುವ ದಿನದ ವಾಸನೆ ಬೇರೆ, ಗೋಧಿ ಬೀಸುವ ದಿನದ್ದು ಬೇರೆ. ಕನ್ನಡ ಮೀಡಿಯಂನವರು, ಇಂಗ್ಲಿಷ್ ಮೀಡಿಯಂನವರು, ಮನೆಯಲ್ಲಿ ತಮಿಳು ಮಾತಾಡುವವರು, ಉರ್ದು ಮಾತಾಡುವವರು ಎಲ್ಲರೂ ಅಲ್ಲಿದ್ದೆವು. ಮಿಸ್ ಒಂದು ಸಲ ಕನ್ನಡದಲ್ಲಿ ಹೇಳಿ, ಯಾರ ಮುಖ ಖಾಲಿಯಿದೆ ನೋಡಿ, ಅದನ್ನೇ ಆ ಮುಖದ ಭಾಷೆಯಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು.

ತೆಳ್ಳನೆಯ ಹೆಂಗಸು. ಎಡಗೈಯಲ್ಲಿ ಬರೆಯುತ್ತಿದ್ದರು, ಬರೆದದ್ದನ್ನು ಅದೇ ಕೈಯ ಅಂಚು ಒರೆಸುತ್ತ ಹೋಗುತ್ತಿತ್ತು. ಹಾಗಾಗಿ ಸಂಜೆ ಮುಗಿಯುವ ಹೊತ್ತಿಗೆ ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಸುಣ್ಣ ಬಳಿದಂತಿರುತ್ತಿತ್ತು. ಹಣೆಯಲ್ಲಿ ಅಗಲವಾದ ಕುಂಕುಮ. ನಗುವುದಕ್ಕೆ ಮುಂಚೆ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದರು. ಇದನ್ನು ನಾನು ಆಗಲೇ ಗಮನಿಸಿದೆನೋ, ಅವರ ಗಂಡನ ಸಂಗತಿ ತಿಳಿದ ಮೇಲೆ ಸೇರಿಸಿಕೊಂಡೆನೋ ಹೇಳಲಾರೆ.

ಅವರ ಕ್ಲಾಸಿನಲ್ಲಿ ಎರಡು ಸಮೀಕರಣ ಬೋರ್ಡಿನ ಮೇಲೆ ಬಿದ್ದ ತಕ್ಷಣ ಯಾರೂ ಪೆನ್ನು ಮುಟ್ಟುವಂತಿರಲಿಲ್ಲ. ಎಕ್ಸ್ ಎಷ್ಟು, ವೈ ಎಷ್ಟು ಎಂಬುದು ಆಮೇಲಿನ ಮಾತು. ಮೊದಲು ಉತ್ತರವೊಂದು ಇದೆಯೇ, ಇದ್ದರೆ ಎಷ್ಟಿವೆ ಎಂದು ಹೇಳಬೇಕು, ಅದೂ ಬಾಯಲ್ಲಲ್ಲ. "ಕೈ ತೋರ್ಸಿ" ಎನ್ನುತ್ತಿದ್ದರು. ಒಂದೇ ಉತ್ತರವಿದ್ದರೆ ಒಂದು ಬೆರಳು. ಉತ್ತರವೇ ಇಲ್ಲದಿದ್ದರೆ ಮುಷ್ಟಿ. ಮುಗಿಯದಷ್ಟು ಉತ್ತರಗಳಿದ್ದರೆ ಬಿಚ್ಚಿದ ಅಂಗೈ. ಪಕ್ಕದವರ ಕೈ ನೋಡಿ ತನ್ನ ಕೈ ಬದಲಾಯಿಸುವವರನ್ನು ಮಿಸ್ ಕಣ್ಣು ಬಿಡುತ್ತಿರಲಿಲ್ಲ. "ಅವಳ ಕೈ ಅವಳ್ದು. ನಿನ್ ಕೈ ಏನ್ ಹೇಳುತ್ತೆ?"

ಈ ರೂಢಿ ನಮ್ಮ ಜೊತೆ ಮೆಟ್ಟಿಲಿಳಿದು ಬೀದಿಗೂ ಬಂದಿತ್ತು. ನನ್ನ ಗೆಳತಿ ಸೆಲ್ವಿಯ ತಾಯಿ ಡಬ್ಬದಲ್ಲಿ ಅಕ್ಕಿ ಇದೆಯೇ ಎಂದು ಕೂಗಿ ಕೇಳಿದರೆ ಇವಳು ಹೊಸಿಲಲ್ಲಿ ನಿಂತು ಮುಷ್ಟಿ ತೋರಿಸುತ್ತಿದ್ದಳು. ತಾಯಿ ಅದನ್ನು ಹೊಡೆಯಲು ಎತ್ತಿದ ಕೈಯೆಂದುಕೊಂಡು ಒಂದು ದಿನ ಇವಳಿಗೇ ಬಾರಿಸಿದರು.

ಬೋರ್ಡಿನ ಲೆಕ್ಕ ತಲೆಗೆ ಹತ್ತದವರಿಗೆ ಮಿಸ್ ತೆಂಗಿನ ಪೊರಕೆಯಿಂದ ಎರಡು ಕಡ್ಡಿ ಎಳೆದುಕೊಳ್ಳುತ್ತಿದ್ದರು. ಒಂದೊಂದು ಸಮೀಕರಣವೂ ಒಂದೊಂದು ಕಡ್ಡಿ. ಅಡ್ಡಡ್ಡ ಹಿಡಿದರೆ ಒಂದು ಕಡೆ ಮಾತ್ರ ಕೂಡುತ್ತವೆ, ಅದೇ ಉತ್ತರ. ರೈಲು ಕಂಬಿಯ ಹಾಗೆ ಹಿಡಿದರೆ ಎಷ್ಟು ಉದ್ದ ಎಳೆದರೂ ಕೂಡುವುದಿಲ್ಲ. ಆಮೇಲೆ ಒಂದರ ಮೇಲೊಂದು ಇಟ್ಟು, ತುದಿ ಸರಿಮಾಡಿ, ಬೆಳಕಿಗೆ ಹಿಡಿದು, "ಈಗ ಎಷ್ಟು ಕಡ್ಡಿ ಕಾಣುತ್ತೆ?" ಎನ್ನುತ್ತಿದ್ದರು. ಎರಡು ಎಕ್ಸು ಮೂರು ವೈ ಕೂಡಿದರೆ ಐದು, ಇದು ಮೊದಲ ಸಾಲು. ನಾಲ್ಕು ಎಕ್ಸು ಆರು ವೈ ಕೂಡಿದರೆ ಹತ್ತು, ಇದು ಎರಡನೆಯದು. ಮೊದಲನೆಯದನ್ನೇ ಇಮ್ಮಡಿ ಮಾಡಿ ಹೊಸದರ ವೇಷ ಹಾಕಿ ನಿಲ್ಲಿಸಿದ್ದಾರೆ, ಅಷ್ಟೆ. ನಾವು ಪ್ರತಿ ಸಲವೂ ಮೋಸ ಹೋಗಿ, ಬಿಚ್ಚಿದ ಅಂಗೈ ತೋರಿಸಬೇಕಾದಲ್ಲಿ ಒಂದು ಬೆರಳು ಎತ್ತುತ್ತಿದ್ದೆವು. ಆಗ ಹೇಳುತ್ತಿದ್ದ ಮಾತನ್ನು ನಾನು ಮರೆತಿಲ್ಲ, ಅಥವಾ ಮರೆತು ಮತ್ತೆ ಕಟ್ಟಿಕೊಂಡಿದ್ದೇನೆ:

"ಎರಡು ಸಾಲು ಬರ್ದಿದೆ ಅಂದ್ಬಿಟ್ಟು ಎರಡು ಮಾತು ಹೇಳಿದಾರೆ ಅನ್ಕೋಬೇಡಿ."

ಅವರ ಗಂಡ ಕೃಷ್ಣರಾಜಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು. ನಾವು ಟ್ಯೂಷನ್ನಿಗೆ ಸೇರುವುದಕ್ಕೆ ಎಷ್ಟೋ ವರ್ಷ ಮೊದಲು ಒಂದು ಬೆಳಗ್ಗೆ ಮೊದಲ ಶಿಫ್ಟಿಗೆಂದು ಮನೆ ಬಿಟ್ಟವರು ಕಾರ್ಖಾನೆಯನ್ನೂ ತಲುಪಲಿಲ್ಲ, ಮನೆಗೂ ಬರಲಿಲ್ಲ. ಜಗಳವಿರಲಿಲ್ಲ, ಕಾಯಿಲೆಯಿರಲಿಲ್ಲ, ಹೀಗೆಂದು ಬೀದಿಯೆಲ್ಲ ಒಂದೇ ದನಿಯಲ್ಲಿ ಹೇಳುತ್ತಿತ್ತು. ಪೊಲೀಸರಿಗೆ ಹೇಳಿದ್ದಾಯಿತು, ಆಸ್ಪತ್ರೆಗಳಲ್ಲಿ ನೋಡಿದ್ದಾಯಿತು. ಆದರೆ ಆಮೇಲಿನ ವಾರಗಳಲ್ಲಿ ಇಬ್ಬರು ಅವರನ್ನು ನೋಡಿದ್ದರು. ಒಬ್ಬಳು ಶಿವಾಜಿನಗರ ಬಸ್ ಸ್ಟ್ಯಾಂಡಿನ ಹತ್ತಿರ ಹೂವು ಮಾರುವ ಹೆಂಗಸು, ಹಲಸೂರಿನವಳೇ, ಅವರನ್ನು ಬಲ್ಲವಳು. ಇನ್ನೊಬ್ಬರು ಕಾರ್ಖಾನೆಯಲ್ಲಿ ಅವರ ಜೊತೆಗಿದ್ದ ಹಿರಿಯರು. ಇಬ್ಬರೂ ನೋಡಿದ್ದು ಶಿವಾಜಿನಗರದಲ್ಲಿ, ನೀಲಿ ಅಂಗಿಯಲ್ಲಿ, ಕೃಷ್ಣರಾಜಪುರದ ಕಡೆಯ ಬಸ್ಸು ಹತ್ತುವುದನ್ನು. ಒಬ್ಬರು ನೋಡಿದ್ದರೆ ಕಣ್ತಪ್ಪು ಅನ್ನಬಹುದಿತ್ತು. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಒಂದೇ ಜಾಗ, ಒಂದೇ ಅಂಗಿ ಹೇಳಿದ ಮೇಲೆ ಮಿಸ್‌ಗೆ ಅದು ಅಡ್ಡಡ್ಡ ಹಿಡಿದ ಎರಡು ಕಡ್ಡಿ. ಗಂಡ ಎಲ್ಲೋ ಇದ್ದಾರೆ. ಹಣೆಯ ಕುಂಕುಮ ಆ ಲೆಕ್ಕದ ಮೇಲೆ ನಿಂತಿತ್ತು.

ಅವರ ಮೈದುನ ವಿಮಾ ಕಚೇರಿಯ ನೌಕರ, ಆಗ ಲಿಂಗರಾಜಪುರದಲ್ಲಿ ತಾಯಿಯ ಜೊತೆ ಇದ್ದರು. ಆಗಾಗ ಬರುತ್ತಿದ್ದರು. ಒಳ್ಳೆಯ ಮನುಷ್ಯ. ಬಂದಾಗ ಚಪ್ಪಲಿ ಬಿಡುವ ಮುಂಚೆ ನಮ್ಮೆಲ್ಲರನ್ನೂ ಒಮ್ಮೆ ನೋಡಿ, ತೊಂದರೆ ಕೊಟ್ಟೆನೆಂಬಂತೆ ತಲೆಬಾಗಿಸಿ, ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಒಂದು ಸಂಜೆ ಅವರು ಬಂದದ್ದು ತಾಯಿಯ ಮಾತು ಹೊತ್ತುಕೊಂಡು. ತಾಯಿಗೆ ವಯಸ್ಸಾಗಿದೆ, ಕಣ್ಣು ಮುಚ್ಚುವ ಮೊದಲು ದೊಡ್ಡ ಮಗನಿಗೆ ಗತಿ ಕಾಣಿಸಬೇಕು ಎನ್ನುತ್ತಾರೆ. ಹೋದವನು ಹನ್ನೆರಡು ವರ್ಷ ಬರದಿದ್ದರೆ ದರ್ಭೆ ಮತ್ತು ಮುತ್ತುಗದ ಎಲೆಯಿಂದ ಮನುಷ್ಯನ ಆಕಾರ ಮಾಡಿ, ಅದನ್ನು ದೇಹವೆಂದೇ ತಿಳಿದು ದಹನ ಮಾಡಿ, ಕರ್ಮ ಮುಗಿಸಬಹುದು ಎಂದು ಪುರೋಹಿತರು ಹೇಳಿದ್ದಾರೆ. ಆ ವರ್ಷ ದೂರವಿಲ್ಲ. ಅತ್ತಿಗೆ ಹ್ಞೂಂ ಅನ್ನದೆ ಏನೂ ಮಾಡುವುದಿಲ್ಲ.

"ಇಬ್ರು ನೋಡಿದಾರಲ್ಲ" ಎಂದರು ಮಿಸ್.

"ನೋಡಿದ್ರೆ ಮನೆಗೆ ಬರ್ಬೇಕಿತ್ತಲ್ವಾ ಅತ್ತಿಗೆ?"

"ಬರೋದು ಬೇರೆ ಲೆಕ್ಕ. ಇರೋದು ಬೇರೆ."

ಇದನ್ನು ನಾನು ಕೇಳಿಸಿಕೊಂಡೆ ಎಂದು ಬರೆಯಲು ಹೊರಟಿದ್ದೆ. ಆದರೆ ಗಿರಣಿ ಓಡುತ್ತಿದ್ದ ಹೊತ್ತಿನಲ್ಲಿ ಅಡುಗೆಮನೆಯ ಪಿಸುಮಾತು ಬೋರ್ಡಿನ ಹತ್ತಿರ ಕೂತವಳಿಗೆ ಕೇಳಿಸಿರಲಾರದು. ಸೆಲ್ವಿ ಯಾವಾಗಲೂ ಅಡುಗೆಮನೆಯ ಗೋಡೆಗೆ ಒರಗಿ ಕೂರುತ್ತಿದ್ದಳು. ಅವಳು ಹೇಳಿದ್ದಿರಬೇಕು. ಆದರೂ ನನ್ನ ನೆನಪಿನಲ್ಲಿ ನಾನು ಆ ಗೋಡೆಗೆ ಒರಗಿದ್ದೇನೆ, ಗೋಡೆ ಬೆನ್ನಿಗೆ ತಣ್ಣಗಿದೆ.

ಮುಂದಿನದಕ್ಕೆ ನಾವಿಬ್ಬರೂ ಸಾಕ್ಷಿ. ಕಾರ್ಖಾನೆಯ ಆ ಹಿರಿಯರು ಮಗಳ ಮದುವೆಗೆ ಕರೆಯಲು ಬಂದಿದ್ದರು. ಅರಿಶಿನ ಹಚ್ಚಿದ ಪತ್ರಿಕೆ, ತಟ್ಟೆ, ಅಕ್ಷತೆ. ಮಿಸ್ ಅವರನ್ನು ಕುರ್ಚಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ನಮಗೆ ಸದ್ದು ಮಾಡದೆ ಕೂರಲು ಕಣ್ಣಲ್ಲೇ ಹೇಳಿದರು. ಮಾತು ಗಂಡನ ಕಡೆಗೆ ತಿರುಗದೆ ಇರುವಂತಿರಲಿಲ್ಲ. ಆ ಮನೆಗೆ ಬಂದವರ ಮಾತೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಇನ್ನೊಂದು ಸಲ ಹೇಳಿ, ಅವತ್ತು ಏನು ನೋಡಿದಿರಿ ಎಂದು ಮಿಸ್ ಕೇಳಿದರು. ಎಷ್ಟನೆಯ ಸಲವೋ. ಅವರೂ ಬೇಸರವಿಲ್ಲದೆ ಮತ್ತೆ ಹೇಳಿದರು. ಬಸ್ ಸ್ಟ್ಯಾಂಡಿನ ಗಲಾಟೆ, ಫುಟ್‌ಬೋರ್ಡಿನ ಮೇಲೆ ಒಬ್ಬ ಮನುಷ್ಯ, ಬೆನ್ನು ಮಾತ್ರ ಕಂಡದ್ದು.

"ನೀಲಿ ಅಂಗಿ" ಎಂದರು ಮಿಸ್.

"ಅಂಗಿ ಬಣ್ಣ ನಂಗೆಲ್ಲಿ ನೆನಪಿತ್ತಮ್ಮ. ಹೂವಿನವಳು ನೀಲಿ ಅಂದ್ಲಲ್ಲ. ಅವತ್ತು ಅವಳ ಹತ್ರ ಹೂವು ತಗೊಳೋವಾಗ ಇದೇ ಮಾತು ಬಂತು. ಅವಳು ಅಂದ್ಮೇಲೆ ಹೌದು, ನೀಲೀನೇ, ಇವ್ರೇ ಅಂತ ನಂಗೂ ಅನ್ನಿಸ್ತು. ಆಮೇಲೇ ಅಲ್ವಾ ನಿಮ್ಗೆ ಬಂದು ಹೇಳಿದ್ದು?"

ಅವರು ಸಹಜವಾಗಿಯೇ ಹೇಳಿದರು, ಕಾಫಿ ಆರಿಸುತ್ತ. ಅವರ ಮಟ್ಟಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಇಬ್ಬರಿಗೂ ಪರಿಚಯವಿಲ್ಲ ಎಂದುಕೊಂಡಿದ್ದವರು ಮಿಸ್ ಒಬ್ಬರೇ.

ಮಿಸ್ ಎದ್ದು ಮೂಲೆಯ ಪೊರಕೆಯಿಂದ ಎರಡು ಕಡ್ಡಿ ಎಳೆದುಕೊಂಡರು. ಕ್ಲಾಸು ಮತ್ತೆ ಶುರುವಾಗುತ್ತದೆ ಎಂದುಕೊಂಡೆವು. ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು, ತುದಿ ಸರಿಮಾಡಿ, ಆ ಹಿರಿಯರ ಮುಂದೆ ಹಿಡಿದರು. ಎಷ್ಟು ಕಡ್ಡಿ ಇದೆ ಹೇಳಿ ಎಂದು ಕೇಳಿದರು.

ಅವರು ಲೋಟ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, ಮರ್ಯಾದೆಯಿಂದ ನೋಡಿದರು. "ಎರಡಿದ್ಯಲ್ಲಮ್ಮ."

"ಇಷ್ಟು ವರ್ಷ ನಾನೂ ಹಾಗೇ ಅನ್ಕೊಂಡಿದ್ದೆ."

ಚಾಪೆಯ ಮೇಲೆ ಯಾರೋ ಒಬ್ಬರು ಅಂಗೈ ಬಿಚ್ಚಿ ಎತ್ತಿದರು. ಅಭ್ಯಾಸದಿಂದ, ಪಾಪ, ಪಾಠವೆಂದುಕೊಂಡು. ಅದನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ನಾನೂ ಎತ್ತಿದೆ. ಮದುವೆಗೆ ಕರೆಯಲು ಬಂದವರ ಸುತ್ತ ಮಕ್ಕಳೆಲ್ಲ ಆಶೀರ್ವಾದ ಮಾಡುವ ಹಾಗೆ ಕೈ ಎತ್ತಿ ಕೂತಿದ್ದರು. ಮಿಸ್ ನಮ್ಮ ಕೈಗಳನ್ನು ಒಂದೊಂದಾಗಿ ನೋಡಿದರು, ಯಾರು ಯಾರದನ್ನು ನೋಡಿ ಎತ್ತಿದರು ಎಂದು ಅವತ್ತು ಕೇಳಲಿಲ್ಲ.

ಎರಡು ಮಾತು ಒಂದಾದದ್ದರಿಂದ ಗಂಡ ಸತ್ತರೆಂದು ಆಗಲಿಲ್ಲ. ಮೈದುನನಿಗೆ ಈ ಸಂಗತಿ ತಿಳಿದಾಗ ಅವರು ಅದೇ ಅರ್ಥ ಮಾಡಿಕೊಂಡರು, ಇನ್ನು ಅತ್ತಿಗೆ ಕರ್ಮಕ್ಕೆ ಒಪ್ಪುತ್ತಾರೆ ಎಂದು. ಮಿಸ್ ಒಪ್ಪಲಿಲ್ಲ. ಆ ವಾರ ಬೋರ್ಡಿನ ಮೇಲೆ ಒಂದೇ ಗೆರೆ ಎಳೆದು ನಮಗೆ ಹೇಳಿದ್ದು ಇದು:

"ಉತ್ತರ ಇಲ್ಲ ಅಂತಲ್ಲ. ಈ ಗೆರೆ ಮೇಲೆ ಎಲ್ಲಿ ಬೆರಳಿಟ್ರೂ ಸರೀನೇ. ಅದೇ ಕಷ್ಟ."

ಅವರ ಮಟ್ಟಿಗೆ ಆ ಗೆರೆ ಶಿವಾಜಿನಗರದಿಂದ ಕೃಷ್ಣರಾಜಪುರಕ್ಕೆ ಹೋಗುವ ಬಸ್ಸಿನ ದಾರಿಯಾಗಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಎರಡು ಮಾತಿದ್ದಾಗ ಗಂಡ ಒಂದು ಕಡೆ ಇದ್ದರು, ಸಿಗದಿದ್ದರೂ ಒಂದು ಕಡೆ. ಈಗ ಹಲಸೂರು, ಹಳೆ ಮದ್ರಾಸ್ ರಸ್ತೆ, ಟಿನ್ ಫ್ಯಾಕ್ಟರಿ, ತೂಗುಸೇತುವೆ ಇನ್ನೂ ಬಾರದ ಆ ರೈಲ್ವೆ ಗೇಟು, ಎಲ್ಲ ಸ್ಟಾಪಿನಲ್ಲೂ ಇರಬಹುದಾಗಿತ್ತು. ಭಾನುವಾರ ಟ್ಯೂಷನ್ ಇಲ್ಲದ ದಿನ ಮಿಸ್ ಆ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದರು.

ಒಂದು ಸಲ ನಾನು ಅವರ ಪಕ್ಕದಲ್ಲಿ ಕೂತಿದ್ದೇನೆ. ಆಗ ಕಾಲೇಜು ಮುಗಿದು, ಇಂದಿರಾನಗರದಲ್ಲಿ ಬಂಗಲೆಯೊಂದನ್ನು ಆಫೀಸು ಮಾಡಿಕೊಂಡ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಹಲಸೂರಿನಲ್ಲಿ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಮಿಸ್. ನನ್ನನ್ನು ಗುರುತಿಸಿ ಕೈ ಹಿಡಿದು ಕೂರಿಸಿಕೊಂಡರು. ಕೆಲಸ, ಸಂಬಳ, ಅಮ್ಮನ ಮಂಡಿನೋವು ಎಲ್ಲ ಕೇಳಿದರು. ಹೆಂಗಸರು ಮುಂದಿನ ಬಾಗಿಲು, ಗಂಡಸರು ಹಿಂದಿನ ಬಾಗಿಲು. ಪ್ರತಿ ಸ್ಟಾಪಿನಲ್ಲೂ ನಮ್ಮ ಬೆನ್ನ ಹಿಂದೆ ಗಂಡಸರು ಹತ್ತುವ ಸದ್ದಾಗುತ್ತಿತ್ತು. ಆಗ ಮಿಸ್ ಮಾತು ನಿಲ್ಲಿಸುತ್ತಿದ್ದರು, ಕತ್ತು ಬಿಗಿಯಾಗುತ್ತಿತ್ತು, ಆದರೆ ತಿರುಗುತ್ತಿರಲಿಲ್ಲ. ಬಸ್ಸು ಹೊರಟ ಮೇಲೆ ಬಿಟ್ಟಲ್ಲಿಂದ ಮಾತು. ಕೊನೆಗೆ ನಾನೇ ಕೇಳಿದೆ, ಮಿಸ್, ಒಂದು ಸಲ ತಿರುಗಿ ನೋಡಬಾರದೇ ಎಂದು.

"ನೋಡಿದ್ರೆ ಇಲ್ಲ ಅಂತ ಗೊತ್ತಾಗ್ಬಿಡುತ್ತಲ್ಲೇ" ಎಂದರು. ಆಮೇಲೆ ಪಾಠ ಮಾಡುವ ದನಿಯಲ್ಲಿ, "ನೋಡ್ದೆ ಇದ್ರೆ ಇರ್ಬಹುದು."

ನಾನು ನನ್ನ ಸ್ಟಾಪಿನಲ್ಲಿ ಇಳಿದೆ. ಇಳಿಯುವಾಗ ನಾನಾದರೂ ಹಿಂದಿನ ಸೀಟುಗಳ ಕಡೆ ನೋಡಬಹುದಿತ್ತು. ನೋಡಿದೆನೇ? ನೀಲಿ ಅಂಗಿಯೊಂದು ನೆನಪಿದೆ. ಬೆಂಗಳೂರಿನ ಯಾವ ಬಸ್ಸಿನಲ್ಲಿ ನೀಲಿ ಅಂಗಿ ಇರುವುದಿಲ್ಲ? ಅದೂ ಆ ಹೆಲ್ಮೆಟ್ಟಿನಷ್ಟೇ ಸ್ಪಷ್ಟವಾಗಿದೆ, ಕಾಲರಿನ ಮಡಿಕೆ ಸವೆದು ಬಿಳಿಯಾಗಿರುವುದು ಕೂಡ ಕಾಣುತ್ತದೆ. ಆದ್ದರಿಂದ ಅದನ್ನು ಬಿಟ್ಟುಬಿಡುತ್ತೇನೆ.

ಮಿಸ್ ತೀರಿಕೊಂಡ ಸುದ್ದಿ ಕೊಟ್ಟವಳು ಸೆಲ್ವಿ. ಹಳೆ ಮದ್ರಾಸ್ ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಗಿರಣಿಯಿದ್ದ ಕಟ್ಟಡ ಹೋಗಿ ಅಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಮಿಸ್ ಕೊನೆಯ ವರ್ಷಗಳನ್ನು ಮೈದುನನ ಹೊರಮಾವಿನ ಫ್ಲಾಟಿನಲ್ಲಿ ಕಳೆದರಂತೆ. ನಾನು ಮಾತಾಡಿಸಿ ಬರಲು ಅಲ್ಲಿಗೆ ಹೋದೆ. ಮೈದುನನಿಗೆ ನನ್ನ ಗುರುತು ಸಿಗಲಿಲ್ಲ, ಟ್ಯೂಷನ್ ಹುಡುಗಿ ಎಂದಾಗ ಮಾತ್ರ ಹಿಂದೆ ಚಪ್ಪಲಿ ಬಿಡುವ ಮುಂಚೆ ಮಾಡುತ್ತಿದ್ದಂತೆ ತಲೆಬಾಗಿಸಿದರು.

ಕೇಳಬಾರದಿತ್ತೇನೋ, ಕೇಳಿದೆ. ಆ ಕರ್ಮ ಆಯಿತೇ?

ಆಯಿತು ಎಂದರು. ತಾಯಿಗೆ ತೀರಾ ಹುಷಾರಿಲ್ಲದಾದಾಗ ಒಂದು ಬೆಳಗ್ಗೆ ಅತ್ತಿಗೆಯೇ ಫೋನ್ ಮಾಡಿ, ಏರ್ಪಾಡು ಮಾಡು ಎಂದರಂತೆ. ಯಾಕೆ ಮನಸ್ಸು ಬದಲಾಯಿತು ಎಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ನದಿಯ ದಡದಲ್ಲಿ ದರ್ಭೆ ಹಾಸಿ, ಮುತ್ತುಗದ ಎಲೆಯ ತೊಟ್ಟುಗಳಿಂದ ಕೈ, ಕಾಲು, ಪಕ್ಕೆಲುಬು ಜೋಡಿಸಿ, ತೆಂಗಿನಕಾಯಿಯನ್ನು ತಲೆಯೆಂದು ಇಟ್ಟರು. ಮಿಸ್ ಆ ತೊಟ್ಟುಗಳನ್ನು ಬಹಳ ಹೊತ್ತು ನೋಡುತ್ತಿದ್ದರಂತೆ. ಬೆಂಕಿ ಇಟ್ಟವರು ಮೈದುನ. ಪುರೋಹಿತರು ಮಿಸ್ ಕೈಗೆ ಒಂದಿಷ್ಟು ಎಳ್ಳು ಕೊಟ್ಟು, ನಿಮ್ಮ ಕೈಯಿಂದಲೂ ಬಿಟ್ಟುಬಿಡಿ ಎಂದರು. ಬಿಟ್ಟರೆ ಹೆಂಡತಿ ಒಪ್ಪಿ ಕಳಿಸಿಕೊಟ್ಟ ಹಾಗೆ.

"ಬಿಟ್ರಾ?" ಎಂದೆ.

"ಹೊಗೆ ಇತ್ತು. ನಾನು ಈ ಕಡೆ ತಿರುಗಿದಾಗ ಮುಷ್ಟಿ ಕಟ್ಕೊಂಡಿದ್ರು. ಬಿಟ್ಟಾದ್ಮೇಲೆ ಕಟ್ಕೊಂಡ್ರೋ, ಬಿಡ್ದೇ ಕಟ್ಕೊಂಡ್ರೋ. ಹೇಗಮ್ಮ ಕೇಳೋದು?"

ಮನೆಗೆ ಬಂದವಳೇ ನಾನು ಆ ಮುಷ್ಟಿಯನ್ನು ಏನೇನೋ ಮಾಡಿಕೊಂಡೆ. ನಮ್ಮ ಕ್ಲಾಸಿನಲ್ಲಿ ಅದರ ಅರ್ಥ ಒಂದೇ. ಆದರೆ ಚಳಿಗೂ ಜನ ಮುಷ್ಟಿ ಕಟ್ಟುತ್ತಾರೆ, ಅಳು ತಡೆಯಲಿಕ್ಕೂ ಕಟ್ಟುತ್ತಾರೆ.

ಎಷ್ಟೋ ದಿನಗಳ ಮೇಲೆ ಹಲಸೂರಿನಲ್ಲಿ ಸೆಲ್ವಿ ಸಿಕ್ಕಳು. ಅವಳು ಆ ಬೀದಿ ಬಿಟ್ಟವಳಲ್ಲ, ಕೊನೆಯವರೆಗೂ ಮಿಸ್ ಅವರನ್ನು ನೋಡಲು ಹೋಗಿ ಬಂದು ಮಾಡಿದವಳು. ಮೆಟ್ರೋ ತಗಡಿನ ಬೇಲಿಯ ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತ ಅವಳೇ ಮಾತು ತೆಗೆದಳು. ನದಿ ಹತ್ತಿರ ಮಿಸ್ ಎಳ್ಳು ಬಿಡಲೇ ಇಲ್ಲವಂತೆ, ಗಟ್ಟಿಯಾಗಿ ಮುಷ್ಟಿ ಹಿಡಿದೇ ನಿಂತಿದ್ದರು ಎಂದಳು. ನಾನು ಕೇಳದೆ, ಬೇರೆ ಬಾಯಿಂದ, ಅದೇ ಮಾತು. ಇನ್ನೊಂದು ಕಡ್ಡಿ ಸಿಕ್ಕಿತು ಎಂದುಕೊಂಡೆ.

"ನೀನೂ ಹೋಗಿದ್ಯಾ ಅಲ್ಲಿಗೆ?"

"ನಾನೆಲ್ಲಿ ಹೋಗ್ಲೇ? ಆಗ ನಂಗೆ ಬಾಣಂತನ. ನೀನೇ ಹೇಳಿದ್ದಲ್ವಾ, ಹೊರಮಾವಿಂದ ಬಂದ ದಿನ, ಫೋನಲ್ಲಿ."

ಹೇಳಿದ್ದೆ. ಆದರೆ ಎಳ್ಳು ಬಿಡಲಿಲ್ಲ ಎಂದು ಹೇಳಿದ್ದೆನೇ, ಅಥವಾ ಬಿಟ್ಟರೋ ಇಲ್ಲವೋ ಎಂದೇ? ಅವಳಿಗೆ ಅದು ನೆನಪಿಲ್ಲ. ನನಗೂ ಇಲ್ಲ. ಮಾತು ಬದಲಿಸಲು ಬಾಗಿಲ ಹಿಂದಿನ ಮೊಳೆಯಲ್ಲಿ ಏನಿತ್ತು ನೆನಪಿದೆಯೇ ಎಂದು ಕೇಳಿದೆ. ಹೆಲ್ಮೆಟ್ ಎಂದಳು ತಕ್ಷಣ. ಅದನ್ನು ಅವಳಿಗೆ ಹೇಳಿದವಳೂ ನಾನೇ ಇರಬೇಕು. ಸೆಲ್ವಿ ನನ್ನ ಮುಖ ನೋಡಿ, ಟೀ ಲೋಟ ಇಟ್ಟು, ಅಂಗೈ ಬಿಚ್ಚಿ ತೋರಿಸಿದಳು. ಇಬ್ಬರಿಗೂ ನಗು ಬಂತು. ನಗುವ ಮೊದಲು ನಾನು ಅಂಗಡಿಯ ಬಾಗಿಲ ಕಡೆ ನೋಡಿದೆ.

ಮೈದುನನನ್ನು ಮತ್ತೆ ಕೇಳಿಲ್ಲ. ಅವರು ಹೊಗೆಯಲ್ಲಿ ಕಂಡದ್ದಷ್ಟೇ ನನ್ನ ಬಳಿ ಇರುವುದು. ಮಿಸ್ ಅವತ್ತು ಗಂಡನನ್ನು ಕಳಿಸಿಕೊಟ್ಟರೋ, ಅತ್ತೆಯ ಸಮಾಧಾನಕ್ಕೆ ಹುಲ್ಲು ಸುಡಲು ಬಿಟ್ಟು ಮುಂದಿನ ಭಾನುವಾರ ಮತ್ತೆ ಆ ಬಸ್ಸಿನಲ್ಲಿ ಹಿಂದೆ ತಿರುಗದೆ ಕೂತರೋ, ನನಗೆ ಗೊತ್ತಿಲ್ಲ. ಮುಷ್ಟಿಯಲ್ಲಿ ಎಳ್ಳು ಇತ್ತೇ ಎಂಬುದೂ ಗೊತ್ತಿಲ್ಲ.